ಕೂಡ್ಲಿಗಿ ಕಡೆಯ ಮಕ್ಕಳ ಹೃದಯ: ಕಸಿಯ ಮಾತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗುತ್ತಿದ್ದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಏನೂ ಕಾಯಿಲೆ ಇಲ್ಲದವರೂ ಬಂದು ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, ವರದಿಯೂ ಬಂತು. ನಮ್ಮ ಮನೆಗಳ ವಾಟ್ಸಾಪ್ ಗ್ರೂಪುಗಳಲ್ಲಿ ಲಸಿಕೆ, ಜಿಮ್, ಬಿರಿಯಾನಿ ಎಲ್ಲದರ ಮೇಲೂ ಆರೋಪ ಬಂದುಹೋಯಿತು. ಆದರೆ ಅಷ್ಟು ಗದ್ದಲದಲ್ಲಿ ಮಕ್ಕಳ ಹೃದಯದ ಮಾತು ಹೆಚ್ಚು ಕೇಳಿಸಲಿಲ್ಲ. ಮಕ್ಕಳಿಗೂ ಹೃದಯದ ಕಾಯಿಲೆ ಉಂಟಾ ಅಂತ ಕೇಳುವವರೇ ನಮ್ಮಲ್ಲಿ ಇನ್ನೂ ಇದ್ದಾರೆ.

ಉಂಟು. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ದೇಶದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ, ಅವರಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು ಎಂಬುದು ವೈದ್ಯರ ಅಂದಾಜು.

ಇದನ್ನು ನಾವು ಈ ವಾರ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ನೋಡಬೇಕೆಂದಿದ್ದೇವೆ. ಬ್ಯಾರಿ ಪುಟದಲ್ಲಿ ಕೂಡ್ಲಿಗಿ ಎಂತಕ್ಕೆ ಎಂದು ಕೇಳಬಹುದು. ನಮ್ಮೂರ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊರುವವರು ಘಟ್ಟದ ಮೇಲಿನ ಇಂಥ ತಾಲ್ಲೂಕುಗಳಿಂದಲೇ ಹೆಂಡತಿ ಮಕ್ಕಳ ಸಮೇತ ಬರುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ದೊಡ್ಡದು. ಬಡವರ ಹೃದಯಕ್ಕೆ ಸರ್ಕಾರ ದುಡ್ಡು ಕೊಟ್ಟರೆ ಎಷ್ಟು ಜೀವ ಉಳಿಯುತ್ತದೆ ಎಂದು ಜಗತ್ತಿಗೆ ಲೆಕ್ಕ ಸಿಕ್ಕಿದ್ದು ಕರ್ನಾಟಕದ ಒಂದು ಗಡಿಗೆರೆಯಿಂದ. ಆ ಗೆರೆಯ ಒಂದು ತುಂಡು ಹಾದುಹೋಗಿದ್ದು ಇದೇ ಐದು ಊರುಗಳ ನಡುವೆ.

ಸ್ವಲ್ಪ ವಿವರವಾಗಿ ಹೇಳುತ್ತೇವೆ. ಈಗ ಈ ಐದೂ ಊರುಗಳು, ಹೊಸಪೇಟೆಯ ಜೊತೆ, 2021ರ ಫೆಬ್ರವರಿಯಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆದರೆ 1997ರಿಂದ ಸುಮಾರು ಎರಡು ದಶಕ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಉಳಿದವು ಬಳ್ಳಾರಿಯಲ್ಲಿ, ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನ ಊರು. ದಾವಣಗೆರೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ಬಳ್ಳಾರಿ ಕಲಬುರಗಿ ವಿಭಾಗಕ್ಕೆ. ಒಂದೇ ಮಳೆ, ಒಂದೇ ಜೋಳ, ಒಂದೇ ಬರ, ಒಂದೇ ಸಂತೆ. ಕಂದಾಯದ ಕಾಗದದಲ್ಲಿ ಮಾತ್ರ ಬೇರೆ.

2010ರಲ್ಲಿ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ತಂದಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್, ನರ, ಸುಟ್ಟಗಾಯ, ಅಪಘಾತ, ನವಜಾತ ಶಿಶುವಿನ ಕಾಯಿಲೆಗಳಂಥ ದೊಡ್ಡ ಚಿಕಿತ್ಸೆ ಉಚಿತ. ಕಂತು ಕಟ್ಟಬೇಕಿಲ್ಲ, ಮೊದಲೇ ಹೆಸರು ಬರೆಸಬೇಕಿಲ್ಲ, ಖಾಸಗಿ ಆಸ್ಪತ್ರೆಗೂ ಹೋಗಬಹುದು. ಆದರೆ ಯೋಜನೆ ಒಂದೇ ಸಲ ಇಡೀ ರಾಜ್ಯಕ್ಕೆ ಬರಲಿಲ್ಲ, ಮೊದಲು ಶುರುವಾದದ್ದು ಕಲಬುರಗಿ ವಿಭಾಗದಲ್ಲಿ. ಅಂದರೆ ಕೂಡ್ಲಿಗಿಯ ಬಡವನಿಗೆ ಸಿಕ್ಕಿತು, ಪಕ್ಕದ ಹರಪನಹಳ್ಳಿಯ ಬಡವನಿಗೆ ಸಿಗಲಿಲ್ಲ. ಬಳಿಕ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು.

ನಡುವಿನ ಆ ಎರಡು ಚಿಲ್ಲರೆ ವರ್ಷ ಸಂಶೋಧಕರಿಗೆ ಸಿಕ್ಕಿದ ಅಪರೂಪದ ಅವಕಾಶ. ನೀರಜ್ ಸೂದ್, ಇರಾನ್ ಬೆಂಡಾವಿಡ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಸಂಗಡಿಗರು ಗೆರೆಯ ಒಳಗಿನ 300 ಹಳ್ಳಿಗಳನ್ನೂ ಹೊರಗಿನ 272 ಹಳ್ಳಿಗಳನ್ನೂ ಹೋಲಿಸಿದರು. ಎರಡೂ ಕಡೆ ಸೇರಿ ಅರುವತ್ತು ಸಾವಿರ ಮನೆಗಳು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಗೆ ಒಳಪಡುವ ಕಾಯಿಲೆಗಳಿಂದ ಸಾವು ಕಂಡ ಬಿಪಿಎಲ್ ಮನೆಗಳು ಗೆರೆಯೊಳಗೆ ಶೇ. 0.32, ಗೆರೆಯಾಚೆ ಶೇ. 0.90. ಬಿಪಿಎಲ್ ಅಲ್ಲದ ಮನೆಗಳನ್ನು ನೋಡಿದರೆ ಎರಡೂ ಕಡೆ ಅಂಥ ವ್ಯತ್ಯಾಸವೇ ಇಲ್ಲ. ಆಸ್ಪತ್ರೆ ಸೇರಿದವರ ಕೈಯಿಂದ ಹೋಗುವ ಖರ್ಚೂ ಮೂರನೇ ಒಂದು ಭಾಗದಷ್ಟು ಇಳಿದಿತ್ತು.

ಇದು ಮಕ್ಕಳದ್ದೇ ಅಧ್ಯಯನ ಅಲ್ಲ, ಎಲ್ಲ ವಯಸ್ಸಿನವರದ್ದು. ಚೀಟಿ ಎತ್ತಿ ಮಾಡಿದ ಪ್ರಯೋಗವೂ ಅಲ್ಲ, ಹಾಗಾಗಿ ವ್ಯತ್ಯಾಸದ ಗಾತ್ರದ ಬಗ್ಗೆ ತಕರಾರು ಮಾಡುವವರು ಮಾಡಬಹುದು. ಆದರೆ ನಮಗೆ ಇದರಲ್ಲಿ ಕಾಣುವುದು ಇಷ್ಟು: ಕಂದಾಯದ ಗೆರೆಯ ಯಾವ ಮಗ್ಗುಲಲ್ಲಿ ನೀವು ಹುಟ್ಟಿದಿರಿ ಎಂಬುದು ಸಾವು ಬದುಕಿನ ಪ್ರಶ್ನೆ ಆಗಿತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಯೋಜನೆಯಲ್ಲಿ ಆಸ್ಪತ್ರೆಯವರೇ ಹಳ್ಳಿ ಕಡೆ ಬಂದು ಶಿಬಿರ ಮಾಡುತ್ತಿದ್ದರು, ರೋಗಿಯನ್ನು ಹುಡುಕಿ ಕರೆದುಕೊಂಡು ಹೋಗುತ್ತಿದ್ದರು. ದುಡ್ಡು ಮಾತ್ರ ಅಲ್ಲ, ಹುಡುಕಾಟವೂ ಇತ್ತು.

ಈಗ ದುಡ್ಡಿನ ಗೆರೆ ಅಳಿಸಿದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ರಾಜ್ಯದ ಎಲ್ಲ ಕಡೆಗೂ ಉಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇ. 30ರಂತೆ ಒಂದೂವರೆ ಲಕ್ಷದವರೆಗೆ. ಹಾಗಾದರೆ ಹರಪನಹಳ್ಳಿಯ ಮಗುವಿಗೆ ಈಗ ಎಂತ ತೊಂದರೆ?

ತೊಂದರೆ ಇರುವುದು ಗೊತ್ತಾಗುವುದರಲ್ಲಿ. ಮಗುವಿನ ಹೃದಯದಲ್ಲಿ ರಂಧ್ರ ಉಂಟು ಅಂತ ಯಾರಾದರೂ ಹೇಳಿದ ಮೇಲಷ್ಟೇ ಕಾರ್ಡ್ ಕೆಲಸ ಮಾಡುತ್ತದೆ.

2020ರ ಫೆಬ್ರವರಿಯನ್ನು ನಮ್ಮ ಓದುಗರು ಮರೆತಿರಲಾರರು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಿಂದ ಬೆಂಗಳೂರಿನ ಜಯದೇವಕ್ಕೆ 40 ದಿನದ ಕೂಸನ್ನು ಆಂಬುಲೆನ್ಸ್ ಚಾಲಕ ಹನೀಫ್ ಬಳಂಜ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದರು. ಘಾಟಿಯಲ್ಲಿ ಜನ ರಸ್ತೆ ಬದಿ ನಿಂತು ದಾರಿ ಬಿಟ್ಟರು, ಎಲ್ಲ ಜಾತಿ ಎಲ್ಲ ಪಕ್ಷದವರೂ ಫೋನ್ ಹಿಡಿದು ಕಾದರು. ಹೆಮ್ಮೆಯ ದಿನವೇ ಹೌದು. ಆದರೆ ಆ ಕೂಸಿನ ಅದೃಷ್ಟ ಆಂಬುಲೆನ್ಸಿಗಿಂತ ಮೊದಲೇ ಶುರುವಾಗಿತ್ತು ಎಂಬುದನ್ನು ನಾವು ಅಷ್ಟಾಗಿ ಹೇಳಲಿಲ್ಲ. ಹೃದಯದ ತೊಂದರೆ ಎಂದು ಗುರುತಿಸುವ ವೈದ್ಯರು ಮಂಗಳೂರಿನಲ್ಲೇ ಇದ್ದರು. ನಲ್ವತ್ತನೇ ದಿನಕ್ಕೆ ಎಲ್ಲಿಗೆ ಕರೆದೊಯ್ಯಬೇಕು ಅಂತ ಗೊತ್ತಿತ್ತು. ಕೂಡ್ಲಿಗಿಯಿಂದ ಬೆಂಗಳೂರಿಗೂ ಜಯದೇವದ ಇನ್ನೊಂದು ಆಸ್ಪತ್ರೆ ಇರುವ ಕಲಬುರಗಿಗೂ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. ಅಲ್ಲಿ ಝೀರೋ ಟ್ರಾಫಿಕ್ ಮಾಡಿದರೂ, ಯಾವ ಮಗುವನ್ನು ಕರೆದೊಯ್ಯಬೇಕು ಎಂದು ಮೊದಲು ಯಾರಾದರೂ ಹೇಳಬೇಕಲ್ಲ.

ಹಾಲು ಕುಡಿಯುವಾಗ ಮಗು ಹಣೆ, ನೆತ್ತಿ ಬೆವರುವುದು. ಎರಡು ಗುಟುಕು ಕುಡಿದು ಸುಸ್ತಾಗಿ ಬಿಡುವುದು. ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡುವುದು. ತೂಕ ಏರದೇ ಇರುವುದು. ತಿಂಗಳಿಗೊಮ್ಮೆ ಕಫ, ನ್ಯುಮೋನಿಯಾ. ಅಳುವಾಗ ತುಟಿ ನೀಲಿಯಾಗುವುದು. ಇವುಗಳಲ್ಲಿ ಒಂದೊಂದನ್ನೂ ಮನೆಯ ಹಿರಿಯರು ಬೇರೆ ಹೆಸರಿನಿಂದ ಕರೆಯುತ್ತಾರೆ: ದೃಷ್ಟಿ, ಬಾಲಗ್ರಹ, ತಾಯಿಯ ಹಾಲು ಸಾಲದು, ಹಲ್ಲು ಬರುವ ಹೊತ್ತು. ನಮ್ಮಲ್ಲಿ ನೂಲು ಮಂತ್ರಿಸಿ ಕಟ್ಟುತ್ತಾರೆ, ಅವರಲ್ಲಿ ತಾಯಿತ. ವ್ಯತ್ಯಾಸ ಹೆಚ್ಚಿಲ್ಲ.

ಈ ತಡ ಎಷ್ಟು ದುಬಾರಿ ಎಂಬುದು ಮುಖ್ಯ. ಹೃದಯದ ಕೆಳಕೋಣೆಗಳ ನಡುವೆ ದೊಡ್ಡ ರಂಧ್ರ ಇದ್ದರೆ ರಕ್ತ ರಭಸದಿಂದ ಶ್ವಾಸಕೋಶಕ್ಕೆ ನುಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ಅದನ್ನು ಮುಚ್ಚಿದರೆ ಮಗು ಎಲ್ಲರ ಹಾಗೆ ಆಡಿ ಬೆಳೆಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ ಒತ್ತಡ ಏರುತ್ತದೆ, ರಕ್ತ ಹಿಂದು ಮುಂದಾಗಿ ಹರಿಯತೊಡಗುತ್ತದೆ, ಮಗು ನೀಲಿಯಾಗುತ್ತದೆ. ಐಸೆನ್‌ಮೆಂಗರ್ ಎಂದು ಅದಕ್ಕೆ ಹೆಸರು. ಆ ಹಂತದಲ್ಲಿ ರಂಧ್ರ ಮುಚ್ಚುವುದೇ ಅಪಾಯ. ಔಷಧಿಯಲ್ಲಿ ಕೆಲವು ಕಾಲ ಸಾಗಿಸಬಹುದು, ಅದು ಮುಗಿದ ಮೇಲೆ ಉಳಿಯುವುದು ಹೃದಯ ಮತ್ತು ಶ್ವಾಸಕೋಶ ಎರಡನ್ನೂ ಕಸಿ ಮಾಡುವುದು. ಅಂದರೆ ಒಂದು ತೇಪೆಯಲ್ಲಿ ಮುಗಿಯುತ್ತಿದ್ದ ಕೆಲಸವನ್ನು ನಾವೇ ತಡಮಾಡಿ ಕಸಿಯ ಪಟ್ಟಿಗೆ ತಂದು ನಿಲ್ಲಿಸುತ್ತೇವೆ. ಮಕ್ಕಳ ಅಂಗಾಂಗ ಕಸಿಯ ಬಗ್ಗೆ ಟಿವಿಯಲ್ಲಿ ನೋಡಿ ಬೆರಗಾಗುವ ಮೊದಲು ಈ ಲೆಕ್ಕ ಗೊತ್ತಿರಬೇಕು.

ಹುಡುಕುವುದಕ್ಕೆ ವ್ಯವಸ್ಥೆ ಇಲ್ಲ ಎಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ತಾಲ್ಲೂಕಿಗೆ ಸಂಚಾರಿ ವೈದ್ಯ ತಂಡಗಳಿವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟು ಹೃದಯದೋಷವೂ ಕೀಲುವಾತದ ಹೃದ್ರೋಗವೂ ಅವರ ಪಟ್ಟಿಯಲ್ಲಿವೆ. ಆದರೆ ಕೂಡ್ಲಿಗಿ, ಹರಪನಹಳ್ಳಿ ಕಡೆ ಒಂದು ಸತ್ಯ ಉಂಟು, ಅದು ಗುಳೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳು, ಹಟ್ಟಿಗಳು ಅರ್ಧಕ್ಕರ್ಧ ಖಾಲಿ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು ತಂಡ ಬಂದ ದಿನ ಶಾಲೆಯಲ್ಲಿ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬಿದ್ದ ಮಗು ತಪಾಸಣೆಯ ಪುಸ್ತಕದಲ್ಲಿ ಹೆಸರೇ ಇಲ್ಲದ ಹಾಗೆ ಆಗುತ್ತದೆ.

ಇನ್ನೂ ಸುಲಭದ ಒಂದು ಪರೀಕ್ಷೆ ಹೆರಿಗೆ ಆಸ್ಪತ್ರೆಯಲ್ಲೇ ಸಾಧ್ಯ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ನೆನಪಿದೆಯಲ್ಲ? ಅದೇ ತತ್ವದ, ಶಿಶುಗಳಿಗೆ ಹೊಂದುವ ಯಂತ್ರವನ್ನು ಹುಟ್ಟಿ 24 ಗಂಟೆ ಕಳೆದ ಮಗುವಿನ ಬಲಗೈಗೂ ಒಂದು ಪಾದಕ್ಕೂ ಹಾಕಿ ನೋಡುವುದು. ಆಮ್ಲಜನಕ 95ಕ್ಕಿಂತ ಕಡಿಮೆ ಇದ್ದರೆ ಅಥವಾ ಕೈಗೂ ಕಾಲಿಗೂ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ನೋಡಬೇಕು, ಎಕೋ ಮಾಡಿಸಬೇಕು. ಎಲ್ಲ ದೋಷವೂ ಇದರಲ್ಲಿ ಸಿಕ್ಕುವುದಿಲ್ಲ, ಆದರೆ ಬೇಗ ಕೊಲ್ಲುವ ದೋಷಗಳಲ್ಲಿ ಹೆಚ್ಚಿನವು ಸಿಕ್ಕುತ್ತವೆ. ಐದು ನಿಮಿಷದ ಕೆಲಸ. ಮಂಗಳೂರಿನಲ್ಲಾಗಲಿ ಹಡಗಲಿಯಲ್ಲಾಗಲಿ ಡಿಸ್ಚಾರ್ಜ್ ಆಗುವ ಮೊದಲು ಮಗುವಿನ ಮನೆಯವರು ಇದನ್ನು ಬಾಯಿಬಿಟ್ಟು ಕೇಳಬಹುದು.

ಕೀಲುವಾತದ ಹೃದ್ರೋಗ ಹುಟ್ಟಿನಿಂದ ಬರುವುದಲ್ಲ. ಗಂಟಲುನೋವಿನಿಂದ ಶುರು. ಐದರಿಂದ ಹದಿನೈದು ವಯಸ್ಸಿನ ಮಗುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಗಂಟಲು ಕೆಟ್ಟು, ಎರಡು ಮೂರು ವಾರಕ್ಕೆ ಮಂಡಿ, ಮೊಣಕೈ ಊದಿಕೊಂಡು ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ಕೆಡುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳ ಕಾಯಿಲೆ ಇದು. ಇದರ ಮೇಲೆ ಉಗಾಂಡಾದಲ್ಲಿ ನಡೆದ ಒಂದು ಕ್ಲಿನಿಕಲ್ ಟ್ರಯಲ್ ನಮ್ಮ ಬಯಲುಸೀಮೆಗೆ ನೇರವಾಗಿ ಅನ್ವಯಿಸುತ್ತದೆ ಎಂದು ನಮಗನ್ನಿಸುತ್ತದೆ. 5ರಿಂದ 17 ವಯಸ್ಸಿನ 818 ಮಕ್ಕಳು, ಎಕೋದಲ್ಲಿ ಮಾತ್ರ ಕಾಣುವ ಆರಂಭದ ಹಂತದವರು. ಅರ್ಧ ಮಕ್ಕಳಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಇನ್ನರ್ಧಕ್ಕೆ ಇಲ್ಲ. ಎರಡು ವರ್ಷದ ಕೊನೆಗೆ ಕಾಯಿಲೆ ಮುಂದುವರಿದದ್ದು ಇಂಜೆಕ್ಷನ್ ಸಿಕ್ಕವರಲ್ಲಿ ಶೇ. 0.8, ಸಿಗದವರಲ್ಲಿ ಶೇ. 8.2. ಹತ್ತು ಪಟ್ಟು. ಹೊಸ ಔಷಧಿಯೇನಲ್ಲ ಅದು, ನಮ್ಮ ಅಜ್ಜಿಯರ ಕಾಲದ ಪೆನಿಸಿಲಿನ್. ಹೊಸತು ಎಂದರೆ ರೋಗ ಹೊರಗೆ ಕಾಣುವ ಮೊದಲೇ ಶಾಲೆಗೆ ಎಕೋ ಯಂತ್ರ ಕೊಂಡುಹೋದದ್ದು, ಮತ್ತು ಮಕ್ಕಳನ್ನು ತಿಂಗಳು ತಿಂಗಳು ಹಿಂಬಾಲಿಸಿದ್ದು.

ನಮ್ಮಲ್ಲಿ ಇದೇ ಇಂಜೆಕ್ಷನ್‌ಗೆ ರಿಯಾಕ್ಷನ್ ಆಗಬಹುದೆಂದು ಹೆದರಿ ಕೊಡಲು ಹಿಂಜರಿಯುವ ಕಡೆಗಳಿವೆ. ನೋವು ಎಂದು ಮಗುವೂ ಓಡುತ್ತದೆ. ಆದರೆ ಕವಾಟ ಕೆಟ್ಟ ಹುಡುಗಿ ದೊಡ್ಡವಳಾಗಿ ಗರ್ಭಿಣಿಯಾದಾಗ ಆಸ್ಪತ್ರೆ ಆಸ್ಪತ್ರೆ ಅಲೆಯುವುದಕ್ಕಿಂತ ಆ ನೋವು ಸಣ್ಣದು.

ಕಾರಣದ ಮಾತು ಬಂದಾಗ ನಮ್ಮ ಮನೆಗಳಿಗೂ ತಟ್ಟುವ ಎರಡು ಸಂಗತಿ ಹೇಳಲೇಬೇಕು. ಮೈಸೂರು ವಿಶ್ವವಿದ್ಯಾನಿಲಯದ ರಾಮೇಗೌಡ ಮತ್ತು ರಾಮಚಂದ್ರ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಟ್ಟು ಹೃದಯದೋಷದ ಮಕ್ಕಳ ತಂದೆ ತಾಯಿಯರಲ್ಲಿ ರಕ್ತಸಂಬಂಧದ ಮದುವೆ ಹೆಚ್ಚು ಕಂಡಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ಸಂಬಂಧದೊಳಗೇ. ಬಯಲುಸೀಮೆಯಲ್ಲಿ ಅಕ್ಕನ ಮಗಳನ್ನು ತರುತ್ತಾರೆ. ನಮ್ಮಲ್ಲಿ ಅದು ಹರಾಮ್, ಆದರೆ ಮಾವನ ಮಗಳು, ಚಿಕ್ಕಪ್ಪನ ಮಗ ಎಂಬ ಸಂಬಂಧಕ್ಕೆ ತಡೆ ಇಲ್ಲ. ಇಂಥ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಹೆದರಿಸುವುದು ಬೇಡ. ಆದರೆ ತಲೆಮಾರು ತಲೆಮಾರಿಗೂ ಒಳಗೊಳಗೇ ಮದುವೆಯಾದ ಕುಟುಂಬದಲ್ಲಿ ಬಸುರಿಯ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ಹೃದಯವನ್ನು ವಿಶೇಷವಾಗಿ ನೋಡಿ ಎಂದು ಡಾಕ್ಟರಿಗೆ ಹೇಳುವುದಕ್ಕೆ ಎಂತ ಖರ್ಚು? ಬಸುರಿಗೆ ಸಕ್ಕರೆ ಕಾಯಿಲೆ ಇದ್ದರೂ ಇದೇ ಮಾತು.

ಎರಡನೆಯದು ರುಬೆಲ್ಲಾ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ಈ ಸೋಂಕು ತಗಲಿದರೆ ಮಗುವಿನ ಹೃದಯ, ಕಣ್ಣು, ಕಿವಿ ಮೂರಕ್ಕೂ ಪೆಟ್ಟು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಬಂದಾಗ ಮಕ್ಕಳಾಗದ ಹಾಗೆ ಮಾಡುವ ಚುಚ್ಚುಮದ್ದು ಎಂಬ ವದಂತಿ ಕರಾವಳಿಯಲ್ಲೂ ಹಬ್ಬಿತ್ತು. ಆ ಸಲ ಲಸಿಕೆ ತಪ್ಪಿಸಿದ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಗರ್ಭಿಣಿಯಾಗುವ ಮೊದಲು ಅದನ್ನು ಈಗಲೂ ತೆಗೆದುಕೊಳ್ಳಬಹುದು.

ಇನ್ನು ಕಸಿ. ಹೃದಯದ ಸ್ನಾಯುವೇ ಸೋತುಹೋದ ಮಕ್ಕಳಿಗೆ, ಶಸ್ತ್ರಚಿಕಿತ್ಸೆಯಿಂದ ಸರಿಯಾಗದ ದೋಷದ ಮಕ್ಕಳಿಗೆ ಬೇರೆ ದಾರಿ ಇಲ್ಲ. ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಕಸಿ ಮಾಡಿದ್ದು 1967ರ ಡಿಸೆಂಬರ್ 3ಕ್ಕೆ. ಮೂರೇ ದಿನದಲ್ಲಿ ನ್ಯೂಯಾರ್ಕಿನಲ್ಲಿ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಒಂದು ಹಸುಗೂಸಿಗೆ ಹೃದಯ ಜೋಡಿಸಿದರು. ಕೂಸು ಕೆಲವೇ ಗಂಟೆ ಬದುಕಿತು. ಹಸುಗೂಸಿನ ಕಸಿ ಯಶಸ್ಸಾಗಲು 1985ರವರೆಗೆ ಕಾಯಬೇಕಾಯಿತು, ಅಮೆರಿಕದ ಲೋಮಾ ಲಿಂಡಾದಲ್ಲಿ ಲಿಯೊನಾರ್ಡ್ ಬೈಲಿ ಅವರಿಂದ. ನಮ್ಮ ದೇಶದಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದ 1994ರಲ್ಲೇ, ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮೊದಲ ಹೃದಯ ಕಸಿ ಮಾಡಿದರು.

ಮಕ್ಕಳ ವಿಷಯದಲ್ಲಿ ಕಷ್ಟ ಗಾತ್ರದ್ದು. ದೊಡ್ಡವರ ಹೃದಯ ಕೂಸಿನ ಎದೆಯಲ್ಲಿ ಹಿಡಿಸುವುದಿಲ್ಲ, ಮಗುವಿನ ಹೃದಯ ಇನ್ನೊಂದು ಮಗು ಹೋದಾಗಲೇ ಸಿಗಬೇಕು. ತೆಗೆದ ಹೃದಯ ಸುಮಾರು ನಾಲ್ಕು ಗಂಟೆಯೊಳಗೆ ಜೋಡಣೆಯಾಗಬೇಕು. ರಕ್ತದ ಗುಂಪು ಹೊಂದಬೇಕು. ಈ ಕೊನೆಯ ಕಟ್ಟನ್ನು ಕೆನಡಾದ ಟೊರಾಂಟೊದಲ್ಲಿ ಲೋರಿ ವೆಸ್ಟ್ ಮತ್ತು ಸಂಗಡಿಗರು ಸಡಿಲಿಸಿದರು. ಹಸುಗೂಸಿನ ದೇಹಕ್ಕೆ ಬೇರೆ ಗುಂಪಿನ ರಕ್ತವನ್ನು ಹೊಡೆದೋಡಿಸುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ, ಹಾಗಾಗಿ ಆ ವಯಸ್ಸಿನಲ್ಲಿ ಬೇರೆ ಗುಂಪಿನ ಹೃದಯವನ್ನೂ ಒಪ್ಪಿಕೊಳ್ಳುತ್ತದೆ ಎಂದು ಹತ್ತು ಶಿಶುಗಳಲ್ಲಿ ತೋರಿಸಿ 2001ರಲ್ಲಿ ಪ್ರಕಟಿಸಿದರು. ಹಸುಗೂಸಾಗಿದ್ದಾಗ ಕಸಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಪ್ಪತ್ತು ವರ್ಷ ದಾಟುತ್ತಾರೆ ಎಂದು ಜಾಗತಿಕ ಲೆಕ್ಕ ಹೇಳುತ್ತದೆ.

ಆದರೆ ಕಸಿ ಆದಲ್ಲಿಗೆ ಕಥೆ ಮುಗಿಯುವುದಿಲ್ಲ. ದೇಹ ಹೊಸ ಹೃದಯವನ್ನು ತಿರಸ್ಕರಿಸದಂತೆ ಜೀವನವಿಡೀ ಹೊತ್ತು ಹೊತ್ತಿಗೆ ಮಾತ್ರೆ. ಆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಅಂತ ಮತ್ತೆ ಮತ್ತೆ ಪರೀಕ್ಷೆ. ಸಣ್ಣ ಜ್ವರವೂ ದೊಡ್ಡ ವಿಷಯ. ಹಗರಿಬೊಮ್ಮನಹಳ್ಳಿಯ ಕೂಲಿಯವನ ಮಗುವಿಗೆ ಕಸಿ ಉಚಿತವಾಗಿ ಆಯಿತು ಎಂದೇ ಇಟ್ಟುಕೊಳ್ಳಿ, ಬೆಂಗಳೂರಿನ ಬಸ್ಸಿನ ದುಡ್ಡು, ಹೋದ ದಿನದ ಕೂಲಿ, ಶುಚಿಯಾದ ನೀರು, ಇವನ್ನು ಯಾವ ಕಾರ್ಡ್ ಕೊಡುತ್ತದೆ? ಬಡವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯದ ನೆರವು ಉಂಟು. ಆದರೂ ಹೃದಯ ಕಸಿ ಮಾಡುವ ಆಸ್ಪತ್ರೆಗಳು ಹೆಚ್ಚಿನವು ಬೆಂಗಳೂರಿನ ಖಾಸಗಿಯವು. ಅಂಗಾಂಗ ಕೊಡುವ ಮನೆಗಳು ಮಾತ್ರ ಎಲ್ಲ ಕಡೆಯವು. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಬೈಕ್ ಸವಾರನ ಮನೆಯವರು ಸಹಿ ಹಾಕುತ್ತಾರೆ, ಆ ಹೃದಯ ಅದೇ ವರ್ಗದ ಮಗುವಿಗೆ ಎಷ್ಟು ಸಲ ಹೋಗುತ್ತದೆ ಎಂದು ಜೀವಸಾರ್ಥಕತೆ ಸಂಸ್ಥೆ ಪ್ರತಿವರ್ಷ ಬಿಪಿಎಲ್, ಎಪಿಎಲ್ ಎಂದು ಬಿಡಿಸಿ ಪ್ರಕಟಿಸಿದರೆ ಜನರ ನಂಬಿಕೆ ಹೆಚ್ಚಾದೀತು.

ದೇಶದಲ್ಲಿ ಮರಣೋತ್ತರ ದಾನಿಗಳ ಸಂಖ್ಯೆ ವರ್ಷಕ್ಕೆ ಸಾವಿರ ದಾಟಿದ್ದೇ 2023ರಲ್ಲಿ, ಮೊದಲ ಬಾರಿಗೆ. ನೂರಾ ನಲ್ವತ್ತು ಕೋಟಿ ಜನರಲ್ಲಿ. ಹೃದಯ ಕಸಿ ಇನ್ನೂರು-ಇನ್ನೂರೈವತ್ತರ ಆಸುಪಾಸು. 2024ರಲ್ಲಿ ಕರಾಚಿಯ 19 ವರ್ಷದ ಯುವತಿಗೆ ಚೆನ್ನೈನಲ್ಲಿ ದೆಹಲಿಯ ದಾನಿಯೊಬ್ಬರ ಹೃದಯ ಜೋಡಿಸಿದಾಗ ನಮ್ಮ ಗ್ರೂಪುಗಳಲ್ಲಿ ಅದು ಬಹಳ ಓಡಾಡಿತು. ಹೃದಯ ಪಡೆಯುವ ಸುದ್ದಿ ಹಂಚುವಾಗ ಇರುವ ಉತ್ಸಾಹ ಕೊಡುವ ಮಾತು ಬಂದಾಗ ತಣ್ಣಗಾಗುವುದನ್ನು ನಾವು ನೋಡಿದ್ದೇವೆ.

ದೀನಿನ ಪ್ರಶ್ನೆ ಇರುವುದು ನಿಜ, ಅದನ್ನು ಮರೆಮಾಚಬೇಕಿಲ್ಲ. ಒಐಸಿಗೆ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನಿನಲ್ಲಿ ಮೆದುಳು ಸಾವಿನ ವಿಷಯವನ್ನೂ 1988ರಲ್ಲಿ ಜಿದ್ದಾದಲ್ಲಿ ಅಂಗಾಂಗ ಕಸಿಯನ್ನೂ ಚರ್ಚಿಸಿ, ಮಾರಾಟ ಇರಬಾರದು, ಒಪ್ಪಿಗೆ ಇರಬೇಕು ಮೊದಲಾದ ಷರತ್ತುಗಳೊಡನೆ ಅನುಮತಿಸಿತು. ನಮ್ಮ ದೇಶದ ಉಲಮಾಗಳೆಲ್ಲ ಅದನ್ನು ಒಪ್ಪಿಲ್ಲ, ದೇವಬಂದಿನ ನಿಲುವು ಬೇರೆ. ಈ ಪುಟ ಫತ್ವಾ ಕೊಡುವ ಜಾಗ ಅಲ್ಲ. ನಿಮ್ಮ ಖಾಝಿಯವರನ್ನೋ ಉಸ್ತಾದರನ್ನೋ ಈಗಲೇ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗ ಕೇಳಿ. ಐಸಿಯು ಹೊರಗೆ ಅಳುವ ತಾಯಿಯ ಮುಂದೆ ಆ ಚರ್ಚೆ ಆಗುವುದಿಲ್ಲ. ಕಾನೂನು ಮಾತ್ರ ಸ್ಪಷ್ಟ: ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮೆದುಳು ಸಾವು ದೃಢಪಡಿಸಬೇಕು. ಮಗುವಾದರೆ ತಂದೆ ಅಥವಾ ತಾಯಿ ಒಪ್ಪಬೇಕು. ಕೊಡುವುದಿಲ್ಲ ಎಂದು ಹೇಳುವ ಹಕ್ಕೂ ಅಷ್ಟೇ ಪೂರ್ತಿ. ಮಯ್ಯಿತ್ ಮನೆಯವರಿಗೆ ವಾಪಸ್ ಸಿಗುತ್ತದೆ, ಗುಸುಲ್, ಜನಾಝಾ, ದಫನ ಎಲ್ಲ ನಡೆಯುತ್ತದೆ.

ದೊಡ್ಡ ಆಸ್ಪತ್ರೆಗೆ ಹೋದಾಗ ಕೆಲವೊಮ್ಮೆ ಒಂದು ಸಂಶೋಧನೆ ನಡೀತಿದೆ, ಮಗುವನ್ನು ಸೇರಿಸ್ತೀರಾ ಎಂದು ಕೇಳುತ್ತಾರೆ. ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ, ಹೆದರಿ ಓಡುತ್ತಾರೆ ಅಥವಾ ಓದದೆ ಸಹಿ ಹಾಕುತ್ತಾರೆ. ಮೇಲೆ ಹೇಳಿದ ಪೆನಿಸಿಲಿನ್ ಲೆಕ್ಕ, ಶಿಶುವಿನ ಕಸಿಯ ಲೆಕ್ಕ ಎಲ್ಲವೂ ಯಾರದ್ದೋ ಮಕ್ಕಳು ಹೀಗೆ ಸೇರಿದ್ದರಿಂದಲೇ ಸಿಕ್ಕಿದ್ದು. ಹಾಗೆಂದು ಕಣ್ಣುಮುಚ್ಚಿ ಸಹಿ ಬೇಡ. ಔಷಧ ಪ್ರಯೋಗ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು, ಆ ಸಂಖ್ಯೆ ಕೇಳಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಪ್ರತಿ ನಿಮ್ಮ ಕೈಗೆ ಬರಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಅವರ ಖರ್ಚು, ಇದು 2019ರ ನಿಯಮ. ಬೇಡ ಎಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ವಿಜಯನಗರ ಜಿಲ್ಲೆಗೆ ಬೇಕಾದದ್ದು ಕಸಿ ಕೇಂದ್ರ ಅಲ್ಲ. ತಿಂಗಳಿಗೊಂದು ದಿನ ಹೊಸಪೇಟೆಯಲ್ಲೋ ಕೂಡ್ಲಿಗಿಯಲ್ಲೋ ಮಕ್ಕಳ ಎಕೋ ನೋಡಲು ಬರುವ ಹೃದಯತಜ್ಞರು, ಮತ್ತೆ ಹೃದಯದೋಷದ ಮಕ್ಕಳ ಒಂದು ಜಿಲ್ಲಾ ಪಟ್ಟಿ. ಆ ಪಟ್ಟಿ ಶಾಲೆಯ ಹಾಜರಿಗೆ ಅಂಟಿಕೊಂಡಿರದೆ ತಂದೆ ತಾಯಿಯ ಫೋನ್ ನಂಬರಿನ ಜೊತೆ ಹೋಗಬೇಕು. ಮಗು ಮಂಡ್ಯದ ಗದ್ದೆಯಲ್ಲಿದ್ದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಇಂಜೆಕ್ಷನ್ ಸಿಗಬೇಕು, ಮಂಗಳೂರಿನಲ್ಲಿದ್ದರೆ ಇಲ್ಲಿ. ನಮ್ಮ ಪುಟ ಓದುವವರಲ್ಲಿ ಕಟ್ಟಡದ ಕಾಂಟ್ರಾಕ್ಟರುಗಳು, ಶೆಡ್ ಬಾಡಿಗೆಗೆ ಕೊಟ್ಟವರು ಅನೇಕರಿದ್ದಾರೆ. ಆ ಶೆಡ್ಡುಗಳ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಲು ಊರಿನ ವಿಳಾಸ ಬೇಕಿಲ್ಲ. ವೈದ್ಯ ತಂಡ ಯಾವ ದಿನ ಬರುತ್ತದೆ ಎಂದು ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ. ಆ ದಿನ ಅಮ್ಮನಿಗೆ ಅರ್ಧ ದಿನದ ರಜೆ, ಕೂಲಿ ಕಡಿಯದೆ.